ತುಕ್ಕು ಹಿಡಿದ ಮೆಟ್ಟಿಲಿಗೆ ಪೇಂಟ್ ಬಳಿದರೆ ಸಾಕೇ?

ಪ್ರಶ್ನೆ: ಮನೆಯ ಹೊರಗಡೆ ಮಹಡಿಗೆ ಹತ್ತಲು ಕಬ್ಬಿಣದ ಮೆಟ್ಟಿಲು ಹಾಕಿಸಿ 12 ವರ್ಷ ಆಯಿತು. ಮೇಲ್ತುದಿಯಲ್ಲಿ ಗೋಡೆಗೆ ಬೋಲ್ಟ್ ಮಾಡಿರುವ ಪ್ಲೇಟಿನ ಸುತ್ತ ತುಕ್ಕು ಹಿಡಿದಿದೆ. ಹತ್ತುವಾಗ ಸ್ವಲ್ಪ ಅಲುಗಾಡುತ್ತದೆ. ಪೇಂಟರ್ ಕೆರೆದು ಬಳಿದರೆ ಸಾಕು ಅಂತಾರೆ. ವೆಲ್ಡರ್ ಹಳೇ ಪ್ಲೇಟಿನ ಮೇಲೇ ಹೊಸ ಪ್ಲೇಟ್ ಇಟ್ಟು ವೆಲ್ಡ್ ಮಾಡಿಕೊಡ್ತೀನಿ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರದ್ದೂ ಬೇಡ. ಇವತ್ತೇ ಆ ಮೆಟ್ಟಿಲಿಗೆ ಅಡ್ಡ ಹಗ್ಗ ಕಟ್ಟಿ, ಯಾರನ್ನೂ ಹತ್ತಲು ಬಿಡಬೇಡಿ. ತುಕ್ಕಿಗಿಂತ ಜಾಸ್ತಿ ನನ್ನನ್ನು ಹೆದರಿಸಿದ್ದು ನೀವು ಬರೆದ 'ಅಲುಗಾಡುತ್ತದೆ' ಅನ್ನುವ ಮಾತು.

ಇಂಥದ್ದೇ ಒಂದು ಮೆಟ್ಟಿಲನ್ನು ಪರೀಕ್ಷೆ ಮಾಡಲು ಹೋಗಿದ್ದೆ. ಹೊಸದಾಗಿ ಹಸಿರು ಪೇಂಟ್ ಬಳಿದಿದ್ದರು, ನೋಡಲು ಚೊಕ್ಕವಾಗಿತ್ತು. ಪ್ಲೇಟಿನ ಕೆಳ ಅಂಚಿಗೆ ಸ್ಕ್ರೂಡ್ರೈವರ್ ಒತ್ತಿದೆ. ತುದಿ ಸಲೀಸಾಗಿ ಒಳಗೆ ಹೋಯಿತು. ಅಲ್ಲಿ ಕಬ್ಬಿಣವೇ ಉಳಿದಿರಲಿಲ್ಲ. ಪದರ ಪದರವಾಗಿ ಕಂದು ಪುಡಿ ಉದುರಿತು. ಪೇಂಟಿನ ಸಿಪ್ಪೆಯೊಂದೇ ಪ್ಲೇಟಿನ ಆಕಾರ ಹಿಡಿದುಕೊಂಡು ನಿಂತಿತ್ತು. ಹಿಂದಿನ ದಿನವಷ್ಟೇ ಅದರ ಮೇಲೆ ಇಬ್ಬರು ಬೀರು ಹೊತ್ತು ಹತ್ತಿದ್ದರಂತೆ. ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪ್ಲೇಟಿಗೂ ಗೋಡೆಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ ನೋಡಿ, ಮಳೆನೀರು ಹೋಗಿ ಕೂರುವುದು ಅಲ್ಲಿಯೇ. ಅಲ್ಲಿಗೆ ಬ್ರಷ್ ತಲುಪುವುದಿಲ್ಲ. ತುಕ್ಕಾದ ಕಬ್ಬಿಣ ಮೊದಲಿಗಿಂತ ಹಲವು ಪಟ್ಟು ಜಾಗ ತೆಗೆದುಕೊಳ್ಳುತ್ತದೆ. ಹಾಗಾಗಿ ಅದು ಹಿಗ್ಗಿ ಪ್ಲೇಟನ್ನು ಗೋಡೆಯಿಂದ ಆಚೆ ತಳ್ಳುತ್ತದೆ, ಬೋಲ್ಟನ್ನು ಎಳೆಯುತ್ತದೆ. ಬೋಲ್ಟಿನ ಸುತ್ತ ಗಾರೆ ಬಿರುಕು ಬಿಟ್ಟಿದೆಯಾ, ಪ್ಲೇಟಿನ ಹಿಂದೆ ಸಂದು ಅಗಲವಾಗಿದೆಯಾ, ಕೆಳಗೆ ನಿಂತು ಟಾರ್ಚ್ ಬಿಟ್ಟು ನೋಡಿ. ಇವು ಕಂಡರೆ ಪೇಂಟಿನ ಮಾತೇ ಬೇಡ.

ಇನ್ನು ವೆಲ್ಡರ್ ಮಾತು. ತುಕ್ಕು, ಪೇಂಟ್ ಇರುವ ತೆಳ್ಳಗಿನ ಪ್ಲೇಟಿಗೆ ವೆಲ್ಡ್ ಸರಿಯಾಗಿ ಹಿಡಿಯುವುದಿಲ್ಲ. ಒಳಗೆ ಗುಳ್ಳೆಗಳು ಉಳಿಯುತ್ತವೆ, ಕೆಲವು ಸಲ ಪ್ಲೇಟೇ ತೂತಾಗುತ್ತದೆ. ಒಂದು ವೇಳೆ ಚೆನ್ನಾಗಿ ಹಿಡಿದರೂ ಭಾರ ಕೊನೆಗೆ ಗೋಡೆಗೆ ಹೋಗುವುದು ಅದೇ ಹಳೇ ಬೋಲ್ಟುಗಳ ಮೂಲಕ ಅಲ್ವಾ? ಹೊಸ ಪ್ಲೇಟಿನ ತೂಕವೂ ಅವುಗಳ ಮೇಲೇ ಬೀಳುತ್ತದೆ.

ಭಾರ ಹೋಗುವ ದಾರಿಯನ್ನು ಯಾರೂ ಕೇಳದೆ ಇದ್ದರೆ ಏನಾಗುತ್ತದೆ ಅನ್ನುವುದು ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ಗೊತ್ತಾಯಿತು. ಅಲ್ಲಿ ಒಂದರ ಕೆಳಗೊಂದು ಎರಡು ನಡೆಹಾದಿಗಳನ್ನು ಸರಳುಗಳಿಂದ ತೂಗುಹಾಕಿದ್ದರು. ಮೊದಲ ನಕ್ಷೆಯಲ್ಲಿ ಚಾವಣಿಯಿಂದ ಇಳಿದ ಒಂದೇ ಸರಳು ಎರಡನ್ನೂ ಹಿಡಿಯಬೇಕಿತ್ತು. ಕೆಲಸದಲ್ಲಿ ಅನುಕೂಲ ಅಂತ ಬದಲಾಯಿಸಿ, ಕೆಳಗಿನದನ್ನು ಮೇಲಿನದರ ತೊಲೆಗೇ ನೇತುಹಾಕಿದರು. ಮೇಲಿನ ತೊಲೆಯ ಅಡಿಯ ನಟ್‌ಗಳ ಮೇಲೆ ಭಾರ ಎರಡರಷ್ಟಾಯಿತು. 1981ರ ಜುಲೈ 17ರಂದು ಆ ತೊಲೆ ನಟ್ ಇದ್ದ ಜಾಗದಲ್ಲೇ ಬಾಯಿಬಿಟ್ಟಿತು. 114 ಜನ ಸತ್ತರು. ಸರಳುಗಳು ತುಂಡಾಗಿರಲಿಲ್ಲ.

ನಿಮ್ಮ ಮೆಟ್ಟಿಲಿಗೆ ಮೊದಲು ಕೆಳಗಿನಿಂದ ಗಟ್ಟಿ ಆಧಾರ ಕೊಡಿಸಿ. ಆಮೇಲೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ಉಳಿದಿರುವ ಕಬ್ಬಿಣದ ದಪ್ಪ ಅಳೆಯಲಿ, ಬೋಲ್ಟ್ ಕಾಂಕ್ರೀಟಿನಲ್ಲಿದೆಯೋ ಬರೀ ಇಟ್ಟಿಗೆಯಲ್ಲಿದೆಯೋ ನೋಡಲಿ. ಹೊಸ ಪ್ಲೇಟನ್ನು ಹಳೇ ತೂತು ಬಿಟ್ಟು ಗಟ್ಟಿ ಕಾಂಕ್ರೀಟಿಗೇ ಕೂರಿಸಬೇಕು. ಅದರ ಹಿಂದೆ ನೀರು ಇಳಿಯದ ಹಾಗೆ ಸಂದು ಮುಚ್ಚಿಸಿ. ಪೇಂಟರ್ ಸರದಿ ಆಮೇಲೆ.

ಪ್ರಶ್ನೆ: ಎಲ್ಲ ಕಡೆ ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿಬಿಟ್ಟರೆ ಈ ಚಿಂತೆ ಇರಲ್ಲ ಅಲ್ವಾ?

ಉತ್ತರ: ರೇಲಿಂಗ್‌ಗೆ ಒಳ್ಳೆಯದೇ. ಸಮುದ್ರದ ಹತ್ತಿರವಾದರೆ 304 ಬಿಟ್ಟು 316 ದರ್ಜೆಯದನ್ನು ಕೇಳಿ. ದೊಡ್ಡ ಸ್ಟೇನ್‌ಲೆಸ್ ಪ್ಲೇಟಿಗೆ ಸಾದಾ ಕಬ್ಬಿಣದ ಬೋಲ್ಟ್ ಹಾಕಬೇಡಿ. ಒದ್ದೆಯಾದರೆ ಬೋಲ್ಟ್ ಬೇಗ ತುಕ್ಕು ಹಿಡಿಯುತ್ತದೆ.

ಒಳಾಂಗಣ ಈಜುಕೊಳದ ಚಾವಣಿಗೆ ಮಾತ್ರ ಇದನ್ನು ಕಣ್ಣುಮುಚ್ಚಿ ನಂಬಬೇಡಿ. ಸ್ವಿಟ್ಜರ್‌ಲೆಂಡಿನ ಉಸ್ಟರ್‌ನಲ್ಲಿ ಕಾಂಕ್ರೀಟ್ ಒಳಚಾವಣಿಯನ್ನು ಸ್ಟೇನ್‌ಲೆಸ್ ಸರಳುಗಳಿಂದ ತೂಗುಹಾಕಿದ್ದರು. 1985ರಲ್ಲಿ ಅದು ಕುಸಿದು 12 ಜನ ಸತ್ತರು. ಕೊಳದ ಗಾಳಿಯಲ್ಲಿದ್ದ ಕ್ಲೋರೈಡ್ ಅಂಶ ಭಾರ ಹೊತ್ತ ಸರಳುಗಳಲ್ಲಿ ಸಣ್ಣ ಬಿರುಕು ಹುಟ್ಟಿಸಿತ್ತು. ಅಂಥ ಕಡೆ ಸರಳು ಯಾವ ದರ್ಜೆಯದು ಅಂತ ನಕ್ಷೆಯಲ್ಲಿ ಬರೆಸಿಕೊಳ್ಳಿ. ಒಳಚಾವಣಿಯ ಮೇಲಕ್ಕೆ ಹತ್ತಿ ನೋಡಲು ಒಂದು ಬಾಗಿಲನ್ನೂ ಇಡಿಸಿ.