ಮನೆಯಲ್ಲೇ ಕಟ್ಟುವ ಕಿಟ್ ಕಾರಿಗೆ ಎಷ್ಟು ಪೌಂಡಿನ ಸ್ಪ್ರಿಂಗ್ ಹಾಕಬೇಕು?

ನಿಮ್ಮದು ಲೋಟಸ್ ಸೆವೆನ್ ಎಂಬ ಹಳೆಯ ಹಗುರ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಮಾದರಿಯ ಕಿಟ್ ಕಾರು. ನೀವು ಕೂತಾಗ 640 ಕೆಜಿ. ಹಿಂದೆ ಫೋರ್ಡ್ ಎಸ್ಕಾರ್ಟ್‌ನ ಲೈವ್ ಆಕ್ಸಲ್, ಅಂದರೆ ಎರಡೂ ಹಿಂದಿನ ಚಕ್ರ ಸೇರಿಸುವ ಒಂದೇ ಗಟ್ಟಿ ಅಚ್ಚು. ಮುಂದಕ್ಕೆ 350 ಪೌಂಡ್ ಹಾಕಿ ಅಂತ ಒಬ್ಬರು, 180 ಸಾಕು ಅಂತ ಇನ್ನೊಬ್ಬರು ಹೇಳಿದ್ದಾರೆ. ಯಾರನ್ನು ನಂಬುವುದು ಅಂತ ಕೇಳಿದ್ದೀರಿ.

ಇಬ್ಬರೂ ಸರಿ ಇರಬಹುದು. ಸ್ಪ್ರಿಂಗ್ ಮೇಲೆ ಬರೆದಿರುವುದು ಅದನ್ನು ಒಂದು ಇಂಚು ಒತ್ತಲು ಬೇಕಾದ ಬಲ. ಅದು ಚಕ್ರಕ್ಕೆ ಹಾಗೇ ತಲುಪುವುದಿಲ್ಲ. ಸೆವೆನ್‌ನಲ್ಲಿ ಮುಂದಿನ ಡ್ಯಾಂಪರ್ (ಸ್ಪ್ರಿಂಗ್ ಕೂರುವ ಶಾಕ್ ಅಬ್ಸಾರ್ಬರ್) ವಾಲಿಕೊಂಡಿರುತ್ತದೆ, ಚಕ್ರಕ್ಕಿಂತ ಒಳಗೆ, ಚಕ್ರವನ್ನು ಹಿಡಿದಿರುವ ತ್ರಿಕೋನ ತೋಳಾದ ವಿಶ್‌ಬೋನಿಗೆ ಕೂತಿರುತ್ತದೆ. ಚಕ್ರ 20 ಮಿ.ಮೀ. ಎದ್ದಾಗ ಡ್ಯಾಂಪರ್ 13 ಮಿ.ಮೀ. ಕುಗ್ಗಿದರೆ ಅನುಪಾತ 0.65. ಸನ್ನೆಯ ಲೆಕ್ಕ ಬಲಕ್ಕೂ ಬರುತ್ತದೆ, ಚಲನೆಗೂ ಬರುತ್ತದೆ. ಹಾಗಾಗಿ 0.65ನ್ನು ಎರಡು ಸಲ ಗುಣಿಸಬೇಕು. 180 ಪೌಂಡ್ ಚಕ್ರದ ಹತ್ತಿರ 76 ಆಗುತ್ತದೆ. 350 ಅಂದವರ ಕಾರಿನಲ್ಲಿ ಅನುಪಾತ 0.5 ಇದ್ದರೆ ಅವರ 350 ಬರೀ 87! ಎರಡೂ ಹೆಚ್ಚುಕಡಿಮೆ ಒಂದೇ ಅಲ್ವಾ?

ಆದ್ದರಿಂದ ಮೊದಲು ಅಳೆಯಿರಿ. ಸ್ಪ್ರಿಂಗ್ ಬಿಚ್ಚಿ, ಬರೀ ಡ್ಯಾಂಪರ್ ಹಾಕಿ, ಜ್ಯಾಕ್‌ನಿಂದ ಚಕ್ರವನ್ನು ಸ್ವಲ್ಪ ಸ್ವಲ್ಪ ಎತ್ತಿ, ಡ್ಯಾಂಪರಿನ ಎರಡು ಬೋಲ್ಟ್‌ಗಳ ನಡುವಿನ ಅಂತರ ಬರೆದುಕೊಳ್ಳಿ. ಹೀಗೆ ಅಳೆದರೆ ಡ್ಯಾಂಪರ್ ವಾಲಿರುವುದೂ ಲೆಕ್ಕಕ್ಕೆ ಬಂದಿರುತ್ತದೆ. ಆಮೇಲೆ ಕೋನಕ್ಕೆ ಅಂತ ಮತ್ತೊಮ್ಮೆ ಗುಣಿಸುವವರಿದ್ದಾರೆ, ಅದು ಬೇಡ.

ಇನ್ನು ತೂಕ. ನೀವು ಸೀಟಿನಲ್ಲಿ ಕೂತು ನಾಲ್ಕೂ ಚಕ್ರ ತೂಗಿಸಿ. ಒಂದು ಚಕ್ರದ ಕೆಳಗೆ ಮನೆಯ ಎರಡು ತೂಕದ ಯಂತ್ರ, ಮೇಲೊಂದು ಗಟ್ಟಿ ಹಲಗೆ, ಉಳಿದ ಮೂರರ ಕೆಳಗೆ ಅಷ್ಟೇ ಎತ್ತರದ ಹಲಗೆ ಇಟ್ಟರೆ ಸಾಕು. ಮುಂದೆ ಒಂದು ಚಕ್ರಕ್ಕೆ 153 ಕೆಜಿ ಬಂತು ಅಂದುಕೊಳ್ಳೋಣ. ಚಕ್ರ, ಬ್ರೇಕ್, ಅರ್ಧ ವಿಶ್‌ಬೋನ್ ಅಂತ 28 ಕಳೆದರೆ ಸ್ಪ್ರಿಂಗ್ ಹೊರುವುದು 125.

ಸಾಮಾನ್ಯ ಕಾರುಗಳ ಬಾಡಿ ಸ್ಪ್ರಿಂಗ್ ಮೇಲೆ ಸೆಕೆಂಡಿಗೆ 1ರಿಂದ 1.5 ಸಲ ಏರಿಳಿಯುತ್ತದೆ. ರಸ್ತೆಯ ಸ್ಪೋರ್ಟ್ಸ್ ಕಾರು 1.5ರಿಂದ 2. ಅದಕ್ಕಿಂತ ಮೇಲೆ ರೇಸಿನವರ ಪಾಡು. ಇಂಗ್ಲೆಂಡಿನ ಹಳ್ಳಿ ರಸ್ತೆಗಳಿಗೆ ನಾನಾದರೆ ಮುಂದೆ 1.6 ಇಡುತ್ತೇನೆ. ಹಗುರ ಕಾರಿಗೆ ಸ್ಪ್ರಿಂಗ್ ಗಟ್ಟಿಯಾದರೆ ಚಕ್ರ ರಸ್ತೆ ಬಿಟ್ಟು ಎಗರುತ್ತದೆ, ಹಿಡಿತ ಜಾಸ್ತಿಯಾಗುವುದಿಲ್ಲ. 1.6ನ್ನು 6.28ರಿಂದ ಗುಣಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, 125ರಿಂದ ಗುಣಿಸಿದರೆ ಮೀಟರಿಗೆ ಸುಮಾರು 12,600 ನ್ಯೂಟನ್. ಇದು ಚಕ್ರದ ಹತ್ತಿರದ ಲೆಕ್ಕ, ಸ್ಪ್ರಿಂಗಿಗೆ ಬರಲು 0.42ರಿಂದ (0.65 × 0.65) ಭಾಗಿಸಿದರೆ ಮಿ.ಮೀ.ಗೆ 30 ನ್ಯೂಟನ್, ಅಂದರೆ 170 ಪೌಂಡ್ ಚಿಲ್ಲರೆ. ಅಂಗಡಿಯಲ್ಲಿ 175 ಸಿಗುತ್ತದೆ.

ಹಿಂದೆ ಸ್ವಲ್ಪ ಜಾಸ್ತಿ, 1.75ರ ಹತ್ತಿರ ಇರಲಿ. ಗುಂಡಿ ಮೊದಲು ಸಿಗುವುದು ಮುಂದಿನ ಚಕ್ರಕ್ಕೆ. ತಡವಾಗಿ ಶುರುವಾದ ಹಿಂಭಾಗ ಬೇಗ ಏರಿಳಿದರೆ ಮುಂಭಾಗದ ಜೊತೆ ಸೇರಿಕೊಳ್ಳುತ್ತದೆ, ಕಾರು ತೊಟ್ಟಿಲಾಡುವುದಿಲ್ಲ. 1930ರ ದಶಕದಲ್ಲಿ ಜನರಲ್ ಮೋಟಾರ್ಸ್‌ನ ಮಾರಿಸ್ ಆಲಿ ಕಂಡುಕೊಂಡ ಸೂತ್ರ ಇದು. ಆದರೆ ಸೆವೆನ್‌ನಲ್ಲಿ ಸೀಟುಗಳು ಹಿಂದಿನ ಆಕ್ಸಲ್‌ಗೆ ಅಂಟಿಕೊಂಡೇ ಇರುತ್ತವೆ. ಪಕ್ಕದಲ್ಲಿ ಇನ್ನೊಬ್ಬರು ಕೂತರೆ ಆ ಭಾರ ಬಹುಪಾಲು ಹಿಂದಕ್ಕೇ. ಕಾರು 2 ಸೆಂ.ಮೀ.ವರೆಗೂ ಕುಗ್ಗಬಹುದು, 1.75 ಇದ್ದದ್ದು 1.6ಕ್ಕೂ ಇಳಿಯಬಹುದು. ಯಾವಾಗಲೂ ಇಬ್ಬರು ಹೋಗುವುದಾದರೆ ಇಬ್ಬರ ತೂಕಕ್ಕೇ ಲೆಕ್ಕ ಹಾಕಿ.

ಆರ್ಡರ್ ಮಾಡುವ ಮುಂಚೆ ಸ್ಪ್ರಿಂಗಿನ ಉದ್ದ ನೋಡಿ. ಈ ಲೆಕ್ಕದಲ್ಲಿ ಮುಂದಿನ ಸ್ಪ್ರಿಂಗ್ ನಿಂತಲ್ಲೇ 63 ಮಿ.ಮೀ. ಕುಗ್ಗಿರುತ್ತದೆ. ಮೇಲಕ್ಕೆ ಇನ್ನೂ 60 ಮಿ.ಮೀ. ಚಲಿಸುವ ಡ್ಯಾಂಪರ್ ಆದರೆ ಒಟ್ಟು 123 ಕುಗ್ಗಿದರೂ ಸುರುಳಿಗಳು ಒಂದಕ್ಕೊಂದು ತಾಗಬಾರದು. ತಿರುವಿನಲ್ಲಿ ಕಾರು ಜಾಸ್ತಿ ವಾಲುತ್ತದೆ ಅನಿಸಿದರೆ ಸ್ಪ್ರಿಂಗ್ ಬದಲಿಸಬೇಡಿ, ತೆಳ್ಳನೆಯ ಆಂಟಿ-ರೋಲ್ ಬಾರ್ (ಎಡ ಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಸರಳು) ಹಾಕಿ. ಡ್ಯಾಂಪರ್ ಮಾರುವವರಿಗೆ ಸ್ಪ್ರಿಂಗಿನ ಪೌಂಡ್, ಅನುಪಾತ, ತೂಕ ಮೂರನ್ನೂ ಬರೆದು ಕೊಡಿ. ವಾಲ್ವಿಂಗ್, ಅಂದರೆ ಡ್ಯಾಂಪರ್ ಒಳಗಿನ ಕವಾಟಗಳ ಬಿಗಿತ, ಅದಕ್ಕೆ ತಕ್ಕಂತೆ ಮಾಡಿಕೊಡುತ್ತಾರೆ.