ಮೇಲ್ತುಟಿ ತೆಳುವಾದರೆ ಕೊರತೆಯೇ?

ಪತ್ರ: ಮೂರು ವಾರಕ್ಕೆ ನನ್ನ ಮದುವೆ. ಮೊಬೈಲ್ ಆ್ಯಪ್ ಒಂದು ನನ್ನ ಸೆಲ್ಫಿ ಅಳೆದು, ಮೇಲ್ತುಟಿ-ಕೆಳತುಟಿಗಳ ದಪ್ಪ 1:1.6 ಅನುಪಾತದಲ್ಲಿ ಇರಬೇಕಿತ್ತು, ಮೇಲ್ತುಟಿ ತೆಳು ಎಂದಿತು. ಅಂದಿನಿಂದ ನಗುವಾಗ ಕೈ ಅಡ್ಡ ಹಿಡಿಯುತ್ತೇನೆ. ಪಾರ್ಲರಿನವರು ಫಿಲ್ಲರ್ (ತುಟಿ ದಪ್ಪಗಾಗಿಸುವ ಚುಚ್ಚುಮದ್ದು) ಹಾಕುತ್ತೇವೆ ಅನ್ನುತ್ತಾರೆ. ಹಾಕಿಸಲೇ?
– ಓದುಗಿ, ದಾವಣಗೆರೆ

ಸಂಪಾದಕರ ಉತ್ತರ: ನಿಮ್ಮ ಪತ್ರ ಓದಿ ಮನೆಯ ಆಲ್ಬಮ್ ತೆಗೆದು, ಸ್ಕೇಲು ಹಿಡಿದು ಕೂತೆ ತಾಯಿ. ನಮ್ಮಕ್ಕನ ಎರಡು ಫೋಟೊ. ಸ್ಟುಡಿಯೋದಲ್ಲಿ ಬಿಗಿದುಕೊಂಡು ಕೂತಾಗ ಮೇಲ್ತುಟಿ 4 ಮಿ.ಮೀ., ಕೆಳತುಟಿ 6. ಕುಂದುವಾಡ ಕೆರೆ ಏರಿ ಮೇಲೆ ಮಂಡಕ್ಕಿ ಪೊಟ್ಟಣ ಹಿಡಿದು ನಗುವಾಗ ಮೇಲ್ತುಟಿ ಬರೀ 2. ನಕ್ಕರೆ ಮೇಲ್ತುಟಿ ಹಿಗ್ಗಿ ತೆಳುವಾಗುತ್ತದೆ. ನಾವು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿರುವುದು ಆ ಎರಡನೆಯ ಫೋಟೊವನ್ನೇ.

ಆ 1:1.6 ಎಂಬುದು ರೇಖಾಗಣಿತದ ಸುವರ್ಣ ಅನುಪಾತ, 1.618. ಮುಖಕ್ಕೆ ಅದನ್ನು ಆಮೇಲೆ ಅಂಟಿಸಿದ್ದು. 2017ರಲ್ಲಿ ಅಮೆರಿಕದ ಸಂಶೋಧಕರು ಬಿಳಿಯ ಹೆಂಗಸರ ಫೋಟೊಗಳಲ್ಲಿ ತುಟಿಯನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ಕುಗ್ಗಿಸಿ ಜನರಿಗೆ ತೋರಿಸಿದಾಗ ಹೆಚ್ಚು ಮೆಚ್ಚುಗೆಯಾದದ್ದು 1:2, ಅಂದರೆ ಇನ್ನೂ ತೆಳುವಾದ ಮೇಲ್ತುಟಿ! ಆ್ಯಪ್ ಫೇಲ್ ಮಾಡಿದ ತುಟಿ ಅಲ್ಲಿ ಪಾಸಾಗಬಹುದಿತ್ತು. ಅಲ್ಲಿ ಅಳೆದದ್ದೂ ನಮ್ಮ ಕಡೆಯ ಮುಖಗಳನ್ನಲ್ಲ. ನಮ್ಮ ಹಳೆಯ ಕವಿಗಳು ತುಟಿಯನ್ನು ತೊಂಡೆಹಣ್ಣಿಗೆ ಹೋಲಿಸಿದ್ದು ಅದರ ಕೆಂಪಿಗಾಗಿ. ದಪ್ಪದ ಲೆಕ್ಕ ಅವರಿಗೆ ಬೇಕಿರಲಿಲ್ಲ.

ಸೆಲ್ಫಿಯನ್ನಂತೂ ನಂಬಲೇಬೇಡಿ. ಒಂದಡಿ ದೂರದಿಂದ ತೆಗೆದರೆ, ಐದಡಿಯಿಂದ ತೆಗೆದುದಕ್ಕಿಂತ ಮೂಗೇ ಸುಮಾರು ಶೇ. 30ರಷ್ಟು ಅಗಲ ಕಾಣುತ್ತದೆ.

ಇಷ್ಟಾದರೂ ಮನಸ್ಸು ಕೊರೆಯುತ್ತಿದ್ದರೆ ಮೊದಲು ಹಲ್ಲು ತೋರಿಸಿ. ತುಟಿಗೆ ಆಸರೆ ಹಲ್ಲಿನ ಸಾಲು. ಅದು ಒಳಸರಿದಿದ್ದರೆ ತುಟಿಯೂ ಒಳಕ್ಕೆ ಕೂರುತ್ತದೆ. ನಮ್ಮೂರಲ್ಲೇ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ.

ಫಿಲ್ಲರ್ ವಿಷಯ. ಸಾಮಾನ್ಯವಾಗಿ ಚುಚ್ಚುವುದು ಹೈಲುರಾನಿಕ್ ಆಮ್ಲದ ಜೆಲ್. ಹೆಚ್ಚೂಕಮ್ಮಿ ಆರು ತಿಂಗಳಿಂದ ಒಂದು ವರ್ಷದಲ್ಲಿ ಕರಗುತ್ತದೆ. ಅದು ರಕ್ತನಾಳಕ್ಕೆ ಹೊಕ್ಕು ಅಡ್ಡ ಕಟ್ಟಿದರೆ ಚರ್ಮ ಬಿಳಿಚಿಕೊಂಡು ವಿಪರೀತ ನೋವು ಬರುತ್ತದೆ. ತಕ್ಷಣ ಕರಗಿಸದಿದ್ದರೆ ಆ ಭಾಗ ಕೊಳೆಯಲೂಬಹುದು. ಕರಗಿಸುವ ಹೈಲುರಾನಿಡೇಸ್ ಔಷಧ ಕೈಯಳತೆಯಲ್ಲಿ ಇಟ್ಟುಕೊಂಡಿರುವ ಚರ್ಮರೋಗ ತಜ್ಞರೋ ಪ್ಲಾಸ್ಟಿಕ್ ಸರ್ಜನ್ನರೋ ಮಾಡಬೇಕಾದ ಕೆಲಸ ಇದು. ಪಾರ್ಲರಿನ ಕುರ್ಚಿಯಲ್ಲಿ ಕೂತು ದಯವಿಟ್ಟು ಚುಚ್ಚಿಸಿಕೊಳ್ಳಬೇಡಿ.

ನಿಮ್ಮ ಮುಖ, ನಿಮ್ಮ ತೀರ್ಮಾನ. ಮುಂದೆಂದಾದರೂ ಬೇಕೆನಿಸಿದರೆ ವೈದ್ಯರ ಬಳಿ ಹೋಗಿ ಮಾಡಿಸಿಕೊಳ್ಳಿ, ನಾನು ತಪ್ಪೆನ್ನುವುದಿಲ್ಲ. ಆದರೆ ಬಾವು ಇಳಿಯಲಿಕ್ಕೇ ಒಂದೆರಡು ವಾರ ಹಿಡಿಯಬಹುದು. ಮದುವೆಯನ್ನು ಮೂರು ವಾರದಲ್ಲಿ ಇಟ್ಟುಕೊಂಡು ಈಗ ಮಾತ್ರ ಬೇಡ ತಾಯಿ.