ಸವಳು ಹೊಲದಲ್ಲಿ ಎಮ್ಮೆ, ಕುರಿ ಸಾಕಬಹುದೇ?

ಪ್ರಶ್ನೆ: ನಾರಾಯಣಪುರ ಎಡದಂಡೆ ಕಾಲುವೆಯ ನೀರುಣ್ಣುವ ನಮ್ಮ ಎರೆಹೊಲದಲ್ಲಿ ಎರಡು ಎಕರೆ ಸವಳು ಹಿಡಿದಿದ್ದು, ಭತ್ತವೂ ಸರಿಯಾಗಿ ಬರುತ್ತಿಲ್ಲ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಉಪ್ಪು ಕಾಣುತ್ತದೆ, ಬಾವಿಯ ನೀರೂ ಉಪ್ಪಾಗಿದೆ. ಅಲ್ಲಿ ಮೇವು ಬೆಳೆದು ಎರಡು ಎಮ್ಮೆ ಮತ್ತು ಕೆಲವು ಕುರಿಗಳನ್ನು ಸಾಕಬಹುದೇ? ಜಿಪ್ಸಂ ಹಾಕಿದರೆ ನೆಲ ಸರಿಹೋಗುವುದೇ?
– ರೈತರೊಬ್ಬರು, ಶಹಾಪುರ ತಾಲ್ಲೂಕು

ಉತ್ತರ: ಸಾಕಬಹುದು. ಆದರೆ ಹುಲ್ಲಿನ ಬೇರು ಹುಡುಕುವ ಮೊದಲು ಬಾವಿಯ ನೀರನ್ನು ಪರೀಕ್ಷೆಗೆ ಕೊಡಿರಿ, ಏಕೆಂದರೆ ಇಂಥ ನೆಲದಲ್ಲಿ ಜಾನುವಾರು ಸೊರಗುವುದು ಮೇವಿಗಿಂತ ಹೆಚ್ಚಾಗಿ ನೀರಿನಿಂದ. ಒಂದು ಲೀಟರಿನಲ್ಲಿ ಕರಗಿದ ಲವಣ 3,000 ಮಿಲಿಗ್ರಾಂ ಒಳಗಿದ್ದರೆ, ಮೊದಮೊದಲು ಸ್ವಲ್ಪ ಭೇದಿಯಾದರೂ ಸಾಮಾನ್ಯವಾಗಿ ತೊಂದರೆಯಿಲ್ಲ. 5,000 ದಾಟಿದ ನೀರನ್ನು ಗಬ್ಬದ ಹಾಗೂ ಹಾಲು ಕೊಡುವ ಎಮ್ಮೆಗಳಿಗೆ ಕುಡಿಸಬಾರದು. 10,000 ಮೀರಿದ್ದು ಯಾವ ಜಾನುವಾರಿಗೂ ಯೋಗ್ಯವಲ್ಲ. ಕುರಿಗಳು ಎಮ್ಮೆಗಳಿಗಿಂತ ಹೆಚ್ಚು ಉಪ್ಪನ್ನು ತಾಳಿಕೊಳ್ಳುತ್ತವೆಯಾದ್ದರಿಂದ, ನೀರು ಅನುಮಾನಾಸ್ಪದವಾಗಿದ್ದರೆ ಕುರಿಗಳಿಂದಲೇ ಆರಂಭಿಸುವುದು ಲೇಸು. ನೀರೇ ಉಪ್ಪಾಗಿರುವಲ್ಲಿ ದಾಣಿಗೆ ಮತ್ತೆ ಉಪ್ಪು ಬೆರೆಸಬೇಡಿರಿ. ಖನಿಜ ಮಿಶ್ರಣವನ್ನೂ ಉಪ್ಪಿಲ್ಲದ್ದನ್ನೇ ಕೇಳಿ ತನ್ನಿರಿ.

ಮೇವಿನಲ್ಲಿ ಮೆಕ್ಕೆಜೋಳ ಇಂಥ ನೆಲಕ್ಕೆ ಒಗ್ಗದು. ನೀರು ನಿಲ್ಲುವ ತಗ್ಗಿಗೆ ಪ್ಯಾರಾ ಹುಲ್ಲು, ಸ್ವಲ್ಪ ಬಸಿಯುವ ದಿಬ್ಬಕ್ಕೆ ರೋಡ್ಸ್ ಹುಲ್ಲು ಸೂಕ್ತ. ಗರಿಕೆ ತಾನಾಗಿ ಬಂದಿದ್ದರೆ ಕೀಳಬೇಡಿರಿ. (ಪ್ಯಾರಾ ಹುಲ್ಲು ಕಾಲುವೆಗೆ ನುಗ್ಗಿದರೆ ನೆರೆಹೊಲದವರ ಬೈಗುಳ ತಪ್ಪದು, ಬದುವಿನಿಂದ ದೂರವಿರಲಿ.) ನೆಲ ಹಸಿರಿನಿಂದ ಮುಚ್ಚಿದ್ದರೆ ಮೇಲ್ಮೈಯಿಂದ ನೀರು ಆವಿಯಾಗುವುದು ತಗ್ಗಿ, ಕೆಳಗಿನ ಉಪ್ಪು ಮೇಲೇರುವುದೂ ಕಡಿಮೆಯಾಗುತ್ತದೆ. ಈ ಹುಲ್ಲನ್ನೇ ಹೊಟ್ಟೆ ತುಂಬ ಹಾಕದೆ ಜೋಳದ ಕಣಿಕೆಯೊಂದಿಗೆ ಬೆರೆಸಿರಿ. ಪ್ಯಾರಾ ಹುಲ್ಲಿನಲ್ಲಿಯೂ ಭತ್ತದ ಹುಲ್ಲಿನಲ್ಲಿಯೂ ಇರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಮೈಗೆ ಹತ್ತದಂತೆ ಹಿಡಿದಿಡುವುದರಿಂದ, ಅವೆರಡನ್ನೇ ನಂಬಿ ಹಾಲಿನ ಎಮ್ಮೆ ಸಾಕುವುದು ತರವಲ್ಲ.

ಜಾನುವಾರುಗಳನ್ನು ಆ ಹೊಲಕ್ಕೆ ಬಿಟ್ಟು ಮೇಯಿಸದೆ, ಹುಲ್ಲನ್ನು ಕೊಯ್ದು ತಂದು ಹಾಕಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಹಸಿ ಎರೆಮಣ್ಣು ಗೊರಸಿನ ತುಳಿತಕ್ಕೆ ಗಟ್ಟಿಯಾಗಿ ನೀರು ಇಂಗದಂತಾಗುತ್ತದೆ. ಜೊತೆಗೆ ಜವಳಿನಲ್ಲಿ, ಅಂದರೆ ನೀರು ನಿಂತ ನೆಲದಲ್ಲಿ, ಬೆಳೆಯುವ ಬಸವನಹುಳುಗಳಿಂದ ಯಕೃತ್ತಿನ ಚಪ್ಪಟೆ ಹುಳುವಿನ ಬಾಧೆ ಹರಡಿ, ಕುರಿಗಳು ರಕ್ತಹೀನವಾಗಿ ಗದ್ದದ ಕೆಳಗೆ ಬಾವು ಬಂದು ಸಾಯುವುದುಂಟು. ಸದಾ ಕೆಸರಿನಲ್ಲಿ ನಿಂತ ಕುರಿಗಳ ಗೊರಸೂ ಕೊಳೆಯುತ್ತದೆ. ದೊಡ್ಡಿಯನ್ನು ಎತ್ತರದ ಒಣ ಜಾಗದಲ್ಲಿ ಕಟ್ಟಿ, ಜಂತುಹುಳುವಿನ ಔಷಧವನ್ನು ಪಶುವೈದ್ಯರು ಸಗಣಿ ಪರೀಕ್ಷಿಸಿ ಹೇಳಿದಂತೆ ಕುಡಿಸಿರಿ.

ಇನ್ನು ಜಿಪ್ಸಂ. ಮಣ್ಣಿನ ರಸಸಾರ (ಪಿಎಚ್) 8.5 ದಾಟಿ, ವಿನಿಮಯ ಸೋಡಿಯಂ (ಮಣ್ಣಿನ ಕಣಗಳಿಗೆ ಅಂಟಿಕೊಂಡಿರುವ ಸೋಡಿಯಂ) ಶೇ 15ಕ್ಕಿಂತ ಹೆಚ್ಚಿದ್ದರೆ ಮಾತ್ರ ಅದರ ಅಗತ್ಯ. ಬರೀ ಲವಣದ ನೆಲವಾದರೆ ಬಸಿಗಾಲುವೆ ತೋಡಿ ಒಳ್ಳೆಯ ನೀರಿನಿಂದ ಉಪ್ಪನ್ನು ತೊಳೆದು ಹೊರಹಾಕಬೇಕು. ಬಸಿಗಾಲುವೆಯಿಲ್ಲದೆ ಜಿಪ್ಸಂಗೆ ಹಾಕಿದ ಹಣವೂ ವ್ಯರ್ಥ. ಮಣ್ಣಿನ ಮಾದರಿಯನ್ನು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿರಿ, ಅಥವಾ ನಿಮ್ಮ ತಾಲ್ಲೂಕಿನಲ್ಲೇ ಇರುವ ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯದಲ್ಲಿ ವಿಚಾರಿಸಿರಿ.